ಇಂಗ್ಲಿಷ್ ಪ್ರಶ್ನೆಯಲ್ಲಿ ಕರ್ತೃವನ್ನು ದಾಟಿ ಬರುವುದು ಯಾವುದು?

ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಪ್ರಶ್ನೆ ಕೇಳುವಾಗ ಕ್ರಿಯಾಪದವನ್ನು ಕರ್ತೃವಿಗಿಂತ ಮೊದಲು ತರಬೇಕು’ ಎಂದು ಹೇಳಿಕೊಟ್ಟಾಗ ಮಕ್ಕಳು ‘ಈಸ್ ಶಿ ಕಮಿಂಗ್?’ ಎಂದು ಸರಿಯಾಗಿಯೇ ಬರೆದರು. ಹಾಗಿದ್ದರೆ ‘ಕಮ್ಸ್ ಶಿ?’ ಎಂದೇಕೆ ಬರೆಯಬಾರದು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ‘ಡಸ್ ಶಿ ಕಮ್?’ ಎನ್ನುವಾಗ ಆ ‘ಡಸ್’ ಎಲ್ಲಿಂದ ಬರುತ್ತದೆ? ‘ಶಿ ಡಿಡ್ ನಾಟ್ ವೆಂಟ್’, ‘ವೈ ಯು ಆರ್ ಲೇಟ್?’, ‘ಐ ಆಸ್ಕ್ಡ್ ಹಿಮ್ ವೇರ್ ಈಸ್ ಹಿ ಗೋಯಿಂಗ್’ ಎಂಬ ತಪ್ಪುಗಳಿಗೆಲ್ಲ ಒಂದೇ ಕಾರಣವಿದೆಯೇ? ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ಕಾಣುವ ‘ಹ್ಯಾವ್ ಯು ಎ ಪೆನ್?’ ಸರಿಯೋ ತಪ್ಪೋ?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅವಳಿಗೆ ಕೊಟ್ಟ ನಿಯಮವೇ ಸರಿಯಿಲ್ಲ ಎಂಬುದನ್ನು ಅವಳು ಆ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿಯೇ ತೋರಿಸಿದ್ದಾಳೆ. ಇಂಗ್ಲಿಷಿನಲ್ಲಿ ಕರ್ತೃವನ್ನು ದಾಟಿ ಮೊದಲಿಗೆ ಬರುವುದು ಕ್ರಿಯಾಪದವಲ್ಲ. ವಾಕ್ಯದ ಕಾಲವೂ ಅದನ್ನು ಹೊತ್ತ ಪದವೂ ಬರುತ್ತವೆ. ‘ಈಸ್’ ಎಂಬ ಪದ ಕಾಲವನ್ನು ಹೊತ್ತಿರುವುದರಿಂದ ಅದು ಬಂತು. ‘ಕಮ್’ ಎಂಬ ಮುಖ್ಯ ಕ್ರಿಯಾಪದ ತನ್ನ ಜಾಗವನ್ನು ಎಂದೂ ಬಿಡುವುದಿಲ್ಲ. ಇದೊಂದು ಮನದಟ್ಟಾದರೆ ನೀವು ಕೇಳಿದ ಬಹುಪಾಲು ವಿಷಯಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಾದ ಮೇಲೆ ಕಾಲಕ್ಕೆಂದೇ ಒಂದು ಸ್ಥಾನವಿದೆ; ಅದಾದ ನಂತರ ಮುಖ್ಯ ಕ್ರಿಯಾಪದದ ಸ್ಥಾನ. ‘ಶಿ ವಿಲ್ ಕಮ್’ ಎಂಬಲ್ಲಿ ಈ ಎರಡು ಸ್ಥಾನಗಳು ಬೇರೆ ಬೇರೆಯಾಗಿ ಕಣ್ಣಿಗೆ ಕಾಣುತ್ತವೆ. ‘ಶಿ ಕಮ್ಸ್’ ಎಂಬಲ್ಲಿ ಕಾಣುವುದಿಲ್ಲ, ಏಕೆಂದರೆ ವರ್ತಮಾನ ಕಾಲವನ್ನು ಸೂಚಿಸುವ ‘ಸ್’ ಪ್ರತ್ಯಯವು ಕ್ರಿಯಾಪದಕ್ಕೆ ಅಂಟಿಕೊಂಡಿದೆ. ಅಂಟಿಕೊಂಡಿದ್ದರೂ ಅದನ್ನು ಬೇರೆಯಾಗಿಯೇ ಎಣಿಸಬೇಕು ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1957ರಲ್ಲಿ ಪ್ರಕಟಿಸಿದ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಎಂಬ ತಮ್ಮ ಚಿಕ್ಕ ಪುಸ್ತಕದಲ್ಲಿ ವಿವರಿಸಿದರು. ಅವರ ವಿಶ್ಲೇಷಣೆಯಲ್ಲಿ ಕಾಲದ ಪ್ರತ್ಯಯ, ‘ಹ್ಯಾವ್’ ಜೊತೆಗೆ ಬರುವ ‘ಎನ್’, ‘ಬಿ’ ಜೊತೆಗೆ ಬರುವ ‘ಇಂಗ್’ ಇವೆಲ್ಲ ಮೊದಲು ಕ್ರಿಯಾಪದದಿಂದ ಬಿಡಿಯಾಗಿರುತ್ತವೆ. ಆಮೇಲೆ ಪ್ರತಿಯೊಂದೂ ತನ್ನ ನಂತರ ಬರುವ ಕ್ರಿಯಾಪದಕ್ಕೆ ಹೋಗಿ ಸೇರುತ್ತದೆ.

ಇದು ಕನ್ನಡಿಗರಿಗೆ ಅಪರಿಚಿತವಾದ ಸಂಗತಿಯೇನಲ್ಲ. ‘ಶಿ ಮೇ ಹ್ಯಾವ್ ಬೀನ್ ಈಟಿಂಗ್’ ಎಂಬ ವಾಕ್ಯವನ್ನು ಕನ್ನಡದಲ್ಲಿ ‘ಅವಳು ತಿನ್ನುತ್ತಿದ್ದಿರಬಹುದು’ ಎನ್ನುತ್ತೇವೆ. ಆ ಉದ್ದನೆಯ ಪದವನ್ನು ಬಿಡಿಸಿ ನೋಡಿ: ತಿನ್ನು, ತ್ತ, ಇದ್ದು, ಇರ, ಬಹುದು. ‘ತಿನ್ನು’ ಎಂಬುದು ‘ಈಟ್’, ‘ತ್ತ’ ಎಂಬುದು ‘ಇಂಗ್’, ‘ಇದ್ದು’ ಎಂಬುದು ‘ಬೀನ್’, ‘ಇರ’ ಎಂಬುದು ‘ಹ್ಯಾವ್’, ‘ಬಹುದು’ ಎಂಬುದು ‘ಮೇ’. ಕನ್ನಡದ ಸರಣಿಯನ್ನು ಕೊನೆಯಿಂದ ಮೊದಲಿಗೆ ಓದಿದರೆ ಇಂಗ್ಲಿಷಿನ ಸರಣಿ ಸಿಗುತ್ತದೆ. ಇದನ್ನು ಕಪ್ಪು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿ. ಎರಡು ಭಾಷೆಗಳ ಸಹಾಯಕ ಕ್ರಿಯಾಪದಗಳು ಒಂದೇ ಕ್ರಮವನ್ನು ಎರಡು ದಿಕ್ಕಿನಿಂದ ಪಾಲಿಸುತ್ತವೆ ಎಂಬುದು ಮಕ್ಕಳಿಗೆ ನೋಡಿದೊಡನೆ ತಿಳಿಯುತ್ತದೆ. ವ್ಯತ್ಯಾಸವಿರುವುದು ಇಷ್ಟೇ: ಕನ್ನಡದಲ್ಲಿ ಇವೆಲ್ಲ ಒಂದೇ ಪದವಾಗಿ ವಾಕ್ಯದ ಕೊನೆಯಲ್ಲಿ ಕೂಡಿಕೊಂಡಿರುವುದರಿಂದ ಅದರಿಂದ ಒಂದು ತುಣುಕನ್ನು ಕಿತ್ತು ವಾಕ್ಯದ ಆರಂಭಕ್ಕೆ ಒಯ್ಯಲು ಬರುವುದಿಲ್ಲ, ಒಯ್ಯುವ ಅಗತ್ಯವೂ ಇಲ್ಲ, ಕೊನೆಗೆ ‘ಆ’ ಅಥವಾ ‘ಏ’ ಸೇರಿಸಿ ‘ತಿನ್ನುತ್ತಿದ್ದಿರಬಹುದಾ?’, ‘ತಿನ್ನುತ್ತಿದ್ದಿರಬಹುದೇ?’ ಎಂದರೆ ಪ್ರಶ್ನೆ ಸಿದ್ಧವಾಗುತ್ತದೆ. ಇಂಗ್ಲಿಷಿನಲ್ಲಿ ಅವು ಬಿಡಿ ಪದಗಳು. ಅವುಗಳಲ್ಲಿ ಮೊದಲನೆಯದು, ಎಂದರೆ ಕಾಲಸ್ಥಾನದಲ್ಲಿರುವ ಪದ ಮಾತ್ರ, ಕರ್ತೃವನ್ನು ದಾಟಿ ‘ಮೇ ಶಿ ಹ್ಯಾವ್ ಬೀನ್ ಈಟಿಂಗ್?’ ಎಂದಾಗುತ್ತದೆ.

ಯಾವ ಪದ ಕಾಲಸ್ಥಾನದಲ್ಲಿದೆ ಎಂದು ತಿಳಿಯುವುದು ಹೇಗೆ? ‘ನಾಟ್’ ಎಂಬ ನಿಷೇಧ ಪದ ಇದಕ್ಕೆ ನಂಬಬಹುದಾದ ಸಾಕ್ಷಿ, ಏಕೆಂದರೆ ಅದು ಕಾಲಸ್ಥಾನಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ ನಿಲ್ಲುತ್ತದೆ. ‘ಶಿ ಈಸ್ ನಾಟ್ ಕಮಿಂಗ್’ ಎಂಬಲ್ಲಿ ‘ಬಿ’ ಧಾತುವಿನ ರೂಪವಾದ ‘ಈಸ್’ ನಿಷೇಧಕ್ಕಿಂತ ಮೊದಲಿದೆ. ಅದೇ ಧಾತು ‘ಶಿ ಮೇ ನಾಟ್ ಬಿ ಕಮಿಂಗ್’ ಎಂಬಲ್ಲಿ ನಿಷೇಧದ ನಂತರ ಬಂದಿದೆ. ಕಾರಣ ಸ್ಪಷ್ಟ: ಎರಡನೆಯ ವಾಕ್ಯದಲ್ಲಿ ‘ಮೇ’ ಕಾಲಸ್ಥಾನವನ್ನು ಹಿಡಿದಿದೆ, ಹೀಗಾಗಿ ‘ಬಿ’ ತನ್ನ ಮೂಲ ಜಾಗದಲ್ಲಿಯೇ ಉಳಿದಿದೆ, ಮೊದಲನೆಯದರಲ್ಲಿ ಆ ಸ್ಥಾನ ತೆರವಾಗಿದ್ದುದರಿಂದ ‘ಬಿ’ ಅಲ್ಲಿಗೆ ಏರಿ, ಎಂದರೆ ವಾಕ್ಯದ ಆರಂಭದ ಕಡೆಗೆ ಸರಿದು, ‘ಈಸ್’ ಆಯಿತು. ‘ಬಿ’ ಮತ್ತು ಸಹಾಯಕವಾದ ‘ಹ್ಯಾವ್’ ಹೀಗೆ ಕೆಳಗಿನಿಂದ ಏರಿ ಬರುತ್ತವೆ. ‘ಕ್ಯಾನ್’, ‘ವಿಲ್’, ‘ಮೇ’, ‘ಮಸ್ಟ್’ ಮುಂತಾದವು ಕಾಲಸ್ಥಾನದಲ್ಲಿಯೇ ಹುಟ್ಟುತ್ತವೆ. ಆದ್ದರಿಂದಲೇ ಎರಡು ‘ಕ್ಯಾನ್’ಗಳಾಗಲಿ, ‘ವಿಲ್ ಕ್ಯಾನ್’ ಎಂಬ ಜೋಡಿಯಾಗಲಿ ಶಿಷ್ಟ ಇಂಗ್ಲಿಷಿನಲ್ಲಿ ಸಾಧ್ಯವಿಲ್ಲ.

ಮುಖ್ಯ ಕ್ರಿಯಾಪದ ಮಾತ್ರ ಹೀಗೆ ಏರುವುದಿಲ್ಲ, ಮತ್ತು ಇದು ಎಲ್ಲ ಭಾಷೆಗಳ ಗುಣವಲ್ಲ. ನಿಮ್ಮ ಶಾಲೆ ಮುಗಿಸಿದ ಮಕ್ಕಳಲ್ಲಿ ಯಾರಾದರೂ ಪಿಯುಸಿಯಲ್ಲಿ ಫ್ರೆಂಚ್ ಆರಿಸಿಕೊಂಡಿದ್ದರೆ ಅವರು ‘ಎಲ್ ಬ್ವಾ ಸೂವಾಂ ದ್ಯು ಕಫೆ’ ಎಂಬಂಥ ವಾಕ್ಯಗಳನ್ನು ಕಲಿತಿರುತ್ತಾರೆ. ಪದಕ್ಕೆ ಪದ ಇಟ್ಟರೆ ಅದು ‘ಅವಳು ಕುಡಿಯುತ್ತಾಳೆ ಆಗಾಗ ಕಾಫಿ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ‘ಶಿ ಡ್ರಿಂಕ್ಸ್ ಆಫನ್ ಕಾಫಿ’ ಎನ್ನಲಾಗದು, ‘ಶಿ ಆಫನ್ ಡ್ರಿಂಕ್ಸ್ ಕಾಫಿ’ ಎಂದೇ ಹೇಳಬೇಕು. ಫ್ರೆಂಚಿನ ‘ಪಾ’ ಎಂಬ ನಿಷೇಧ ಪದವೂ ಮುಖ್ಯ ಕ್ರಿಯಾಪದದ ನಂತರವೇ ಬರುತ್ತದೆ. ಭಾಷಾವಿಜ್ಞಾನಿಗಳಾದ ಜೋಸೆಫ್ ಎಮಂಡ್ಸ್ 1978ರಲ್ಲಿಯೂ ಝಾನ್-ಈವ್ ಪೊಲಾಕ್ 1989ರಲ್ಲಿಯೂ ಈ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಫ್ರೆಂಚಿನ ಮುಖ್ಯ ಕ್ರಿಯಾಪದ ಕಾಲಸ್ಥಾನಕ್ಕೆ ಏರುತ್ತದೆ, ಇಂಗ್ಲಿಷಿನದು ಏರುವುದಿಲ್ಲ ಎಂದು ತೋರಿಸಿದರು. ಕ್ರಿಯಾವಿಶೇಷಣದ ಜಾಗ, ನಿಷೇಧದ ಜಾಗ, ಪ್ರಶ್ನೆಯ ರಚನೆ ಎಂಬ ಮೂರು ಪ್ರತ್ಯೇಕ ಪಾಠಗಳು ಈ ಒಂದೇ ವ್ಯತ್ಯಾಸದಿಂದ ಹುಟ್ಟುತ್ತವೆ ಎಂಬುದು ವಾಕ್ಯರಚನೆಯನ್ನು ಅಭ್ಯಸಿಸುವ ಆಧುನಿಕ ವಾಕ್ಯವಿಜ್ಞಾನದ ಅತ್ಯಂತ ಸುಂದರವಾದ ಫಲಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ.

ಈಗ ‘ಡೂ’ ವಿಷಯ. ಮುಖ್ಯ ಕ್ರಿಯಾಪದ ಏರುವುದಿಲ್ಲವಾದ್ದರಿಂದ ಕಾಲದ ಪ್ರತ್ಯಯವೇ ಕೆಳಗಿಳಿದು ಅದಕ್ಕೆ ಸೇರಬೇಕಾಗುತ್ತದೆ. ಇವೆರಡರ ನಡುವೆ ಕರ್ತೃವೋ ‘ನಾಟ್’ ಪದವೋ ಬಂದು ನಿಂತರೆ ಪ್ರತ್ಯಯಕ್ಕೆ ದಾರಿ ಇರುವುದಿಲ್ಲ. ಪ್ರತ್ಯಯ ಯಾವ ಆಸರೆಯೂ ಇಲ್ಲದೆ ಒಂಟಿಯಾಗಿ ನಿಲ್ಲಲಾರದು. ಆಗ ಅದನ್ನು ಹೊರುವುದಕ್ಕಾಗಿಯೇ, ತನ್ನದೆಂಬ ಅರ್ಥವೇನೂ ಇಲ್ಲದ ‘ಡೂ’ ಬರುತ್ತದೆ. ‘ಡಸ್’ ಎಂದರೆ ‘ಡೂ’ ಮತ್ತು ವರ್ತಮಾನ, ‘ಡಿಡ್’ ಎಂದರೆ ‘ಡೂ’ ಮತ್ತು ಭೂತ. ಅದಕ್ಕಿಂತ ಹೆಚ್ಚೇನೂ ಇಲ್ಲ. ‘ಹೂ ಬ್ರೋಕ್ ದ ಗ್ಲಾಸ್?’ ಎಂಬ ಪ್ರಶ್ನೆಯಲ್ಲಿ ‘ಡಿಡ್’ ಏಕಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ: ಅಲ್ಲಿ ಪ್ರಶ್ನಾಪದವೇ ಕರ್ತೃ, ಹೀಗಾಗಿ ಕಾಲಕ್ಕೂ ಕ್ರಿಯಾಪದಕ್ಕೂ ನಡುವೆ ಅಡ್ಡಿಯೇ ಇಲ್ಲ. ‘ಶಿ ಡಸ್ ಸಿಂಗ್’ ಎಂದು ಒತ್ತಿ ಹೇಳುವಾಗ ಬರುವ ‘ಡಸ್’ ಕೂಡ ಕಾಲವನ್ನು ಕ್ರಿಯಾಪದದಿಂದ ಬಿಡಿಸಿ ಒತ್ತು ಕೊಡುವ ಉಪಾಯವೇ. ನಾವು ‘ಹಾಡುವುದಂತೂ ಹಾಡುತ್ತಾಳೆ’ ಎಂದು ಕ್ರಿಯಾಪದವನ್ನೇ ಎರಡು ಸಲ ಬಳಸಿ ಆ ಕೆಲಸ ಮಾಡುತ್ತೇವೆ. ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ‘ನಾಟ್’ ಅಡ್ಡಿಯಾಗುತ್ತದೆ, ಆದರೆ ‘ಶಿ ನೆವರ್ ಡ್ರಿಂಕ್ಸ್ ಕಾಫಿ’ ಎಂಬಲ್ಲಿರುವ ‘ನೆವರ್’ ಆಗಲಿ ‘ಆಫನ್’ ಆಗಲಿ ಅಡ್ಡಿಯಾಗುವುದಿಲ್ಲ. ‘ನಾಟ್’ ವಾಕ್ಯದ ಬೆನ್ನೆಲುಬಿನಲ್ಲಿಯೇ ಒಂದು ಸ್ಥಾನ, ಉಳಿದವು ಪಕ್ಕದಲ್ಲಿ ಸೇರಿಸಿದ ಕ್ರಿಯಾವಿಶೇಷಣಗಳು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ವಿದ್ವಾಂಸರಲ್ಲಿ ಇದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ.

ನಿಮ್ಮ ವಿದ್ಯಾರ್ಥಿನಿ ನಾಲ್ಕು ಶತಮಾನಗಳ ಹಿಂದಿನ ಇಂಗ್ಲೆಂಡಿನಲ್ಲಿದ್ದಿದ್ದರೆ ‘ಕಮ್ಸ್ ಶಿ?’ ಎಂಬ ವಾಕ್ಯಕ್ಕೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅಂದಿನ ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದವೂ ಫ್ರೆಂಚಿನಂತೆ ಏರಬಲ್ಲದಾಗಿತ್ತು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ, ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಹೊಲದ ಹೂವುಗಳ ಕುರಿತು ‘ದೇ ಟಾಯಿಲ್ ನಾಟ್, ನೈದರ್ ಡೂ ದೇ ಸ್ಪಿನ್’ ಎಂಬ ಮಾತಿದೆ. ‘ಟಾಯಿಲ್ ನಾಟ್’ ಎಂಬಲ್ಲಿ ಮುಖ್ಯ ಕ್ರಿಯಾಪದ ನಿಷೇಧವನ್ನು ದಾಟಿದೆ. ಅದರ ಬೆನ್ನಿಗೇ ಬರುವ ‘ಡೂ ದೇ ಸ್ಪಿನ್’ ಎಂಬಲ್ಲಿ ಕ್ರಿಯಾಪದ ಕೆಳಗುಳಿದು ‘ಡೂ’ ಮೇಲಕ್ಕೆ ಹೋಗಿದೆ. ಹಳೆಯ ವ್ಯಾಕರಣವೂ ಹೊಸ ವ್ಯಾಕರಣವೂ ಒಂದೇ ಸಾಲಿನಲ್ಲಿ ಇರುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಹಳೆಯ ಗ್ರಂಥಗಳಿಂದ ಸಾವಿರಾರು ವಾಕ್ಯಗಳನ್ನು ಎಣಿಸಿ, ಈ ‘ಡೂ’ 15ನೆಯ ಶತಮಾನದಿಂದ ಮೆಲ್ಲಗೆ ಹರಡಿದ್ದನ್ನು ದಾಖಲಿಸಿದರು. ಪ್ರಶ್ನೆಗಳಲ್ಲಿ ಅದು ಬೇಗ ನೆಲೆಯೂರಿತು, ನಿಷೇಧ ವಾಕ್ಯಗಳಲ್ಲಿ ತಡವಾಯಿತು. ‘ಐ ನೋ ನಾಟ್’ ಎಂಬಂಥ ಕೆಲವು ಪ್ರಯೋಗಗಳು ಎಲ್ಲಕ್ಕಿಂತ ಕೊನೆಗೆ ಸರಿದವು. ಕ್ರಿಯಾಪದಗಳ ಪುರುಷ ಮತ್ತು ವಚನ ಪ್ರತ್ಯಯಗಳು ಸವೆದುಹೋದದ್ದೇ ಇದಕ್ಕೆ ಕಾರಣ ಎಂದು ಹಲವರು ವಾದಿಸುತ್ತಾರೆ. ಪ್ರತ್ಯಯ ಸವೆದ ಕಾಲವೂ ಕ್ರಿಯಾಪದ ಏರುವುದನ್ನು ಬಿಟ್ಟ ಕಾಲವೂ ಸರಿಯಾಗಿ ಹೊಂದುವುದಿಲ್ಲ ಎಂಬ ಆಕ್ಷೇಪವೂ ಇದೆ.

ಕನ್ನಡದ ನಿಷೇಧವೂ ಇಂಥದೇ ಹಾದಿ ತುಳಿದಿರುವುದನ್ನು ಮಕ್ಕಳಿಗೆ ಹೇಳಬೇಕು. ವಚನ ಸಾಹಿತ್ಯದಲ್ಲಿ ಬರುವ ‘ಅರಿಯೆ’, ‘ಒಲ್ಲೆ’ ಎಂಬ ರೂಪಗಳಲ್ಲಿ ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಸೇರಿದೆ, ಕಾಲ ಪ್ರತ್ಯಯವಿಲ್ಲ. ಕಾಲ ಪ್ರತ್ಯಯವಿಲ್ಲದಿರುವುದೇ ನಿಷೇಧದ ಗುರುತು. ಇಂದು ಅವು ‘ಕಾಣೆ’ಯಂಥ ಕೆಲವು ಪದಗಳಲ್ಲಿ ಉಳಿದಿವೆ, ಉಳಿದೆಡೆಯಲ್ಲಿ ‘ಇಲ್ಲ’ ಎಂಬ ಸಹಾಯಕ ಪದ ಬಂದಿದೆ. ‘ಬಂದಳು’ ಎಂಬುದಕ್ಕೆ ನಿಷೇಧ ‘ಬರಲಿಲ್ಲ’. ಯಾವ ಕನ್ನಡ ಮಗುವೂ ‘ಬಂದಳಿಲ್ಲ’ ಎನ್ನುವುದಿಲ್ಲ. ನಿಷೇಧ ಬಂದೊಡನೆ ಕ್ರಿಯಾಪದ ತನ್ನ ಭೂತಕಾಲದ ಪ್ರತ್ಯಯವನ್ನೂ ಸ್ತ್ರೀಲಿಂಗದ ಪ್ರತ್ಯಯವನ್ನೂ ಕಳಚಿಟ್ಟು ‘ಬರಲು’ ಎಂಬ ಬರಿಯ ರೂಪಕ್ಕೆ ಮರಳಿದೆ. ‘ಡಿಡ್ ನಾಟ್ ಕಮ್’ ಎಂಬಲ್ಲಿ ‘ಕೇಮ್’ ಎಂಬುದು ‘ಕಮ್’ ಆಗುವುದೂ ಹೀಗೆಯೇ. ಹೋಲಿಕೆ ಪೂರ್ಣವಲ್ಲ: ಇಂಗ್ಲಿಷಿನಲ್ಲಿ ಕಾಲ ‘ಡಿಡ್’ ಮೇಲೆ ಕುಳಿತಿರುತ್ತದೆ, ಕನ್ನಡದ ‘ಇಲ್ಲ’ ಕಾಲವನ್ನು ಹೊರುವುದಿಲ್ಲ, ‘ಬರಲಿಲ್ಲ’ ಮತ್ತು ‘ಬರುವುದಿಲ್ಲ’ ಎಂಬಲ್ಲಿ ಹಿಂದಿನ ರೂಪ ಬದಲಾಗುವುದರಿಂದ ಸಮಯದ ಅರ್ಥ ತಿಳಿಯುತ್ತದೆ. ದ್ರಾವಿಡ ಭಾಷೆಗಳ ವಾಕ್ಯರಚನೆಯನ್ನು ಅಭ್ಯಸಿಸಿರುವ ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಈ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು ಗಂಭೀರವಾದ ವಾದವನ್ನು ಮಂಡಿಸಿದ್ದಾರೆ. ಏನೇ ಇರಲಿ, ‘ಡಿಡ್ ನಾಟ್ ವೆಂಟ್’ ಎಂದು ಬರೆದ ಮಗುವಿಗೆ ‘ಹೋದಳಿಲ್ಲ ಎನ್ನುತ್ತೀಯಾ?’ ಎಂದು ಕೇಳಿ. ಭೂತಕಾಲವನ್ನು ಎರಡು ಕಡೆ ಹೇಳಿದ್ದೇನೆ ಎಂಬುದು ಅದಕ್ಕೆ ಬೇಗ ಹೊಳೆಯುತ್ತದೆ.

ಇನ್ನು ಕರ್ತೃವಿಗಿಂತ ಮುಂದಿರುವ ಸ್ಥಾನ. ‘ಇಫ್ ಐ ಹ್ಯಾಡ್ ನೋನ್’ ಎಂಬುದನ್ನು ‘ಹ್ಯಾಡ್ ಐ ನೋನ್’ ಎಂದೂ ಹೇಳಬಹುದು. ‘ಇಫ್ ಹ್ಯಾಡ್ ಐ ನೋನ್’ ಎನ್ನಲಾಗದು. ‘ಇಫ್’ ಇದ್ದರೆ ‘ಹ್ಯಾಡ್’ ಏರುವುದಿಲ್ಲ, ‘ಹ್ಯಾಡ್’ ಏರಿದರೆ ‘ಇಫ್’ ಇರುವುದಿಲ್ಲ; ಎರಡೂ ಒಂದೇ ಜಾಗವನ್ನು ಬಯಸುತ್ತವೆ ಎಂದಾಯಿತು. ‘ದ್ಯಾಟ್’, ‘ಇಫ್’ ಮುಂತಾದ ಸಂಯೋಜಕಗಳು, ಎಂದರೆ ಉಪವಾಕ್ಯವನ್ನು ಜೋಡಿಸುವ ಪದಗಳು, ಕೂರುವ ಈ ಜಾಗಕ್ಕೇ ಪ್ರಧಾನ ವಾಕ್ಯದ ಪ್ರಶ್ನೆಯಲ್ಲಿ ಕಾಲಸ್ಥಾನದ ಪದ ಏರಿ ಬರುತ್ತದೆ. ‘ವಾಟ್’, ‘ವೇರ್’, ‘ವೈ’ ಮುಂತಾದ ಪ್ರಶ್ನಾಪದಗಳು ಅದಕ್ಕೂ ಮುಂದೆ ನಿಲ್ಲುತ್ತವೆ. ‘ನೆವರ್ ಹ್ಯಾವ್ ಐ ಸೀನ್’ ಎಂಬಂಥ ವಾಕ್ಯಗಳಲ್ಲಿ ಪ್ರಶ್ನಾಪದದ ಜಾಗಕ್ಕೆ ನಿಷೇಧ ಪದ ಬಂದಿದೆ, ಉಳಿದದ್ದು ಹಾಗೆಯೇ ಇದೆ.

ಹಾಗೆ ಏರುವುದು ಮೊದಲು ಕಿವಿಗೆ ಬಿದ್ದ ಸಹಾಯಕ ಪದವಲ್ಲ ಎಂಬುದೂ ಮುಖ್ಯ. ‘ದ ಬಾಯ್ ಹೂ ಈಸ್ ವಾಚಿಂಗ್ ಈಸ್ ಹ್ಯಾಪಿ’ ಎಂಬ ವಾಕ್ಯದಲ್ಲಿ ಎರಡು ‘ಈಸ್’ಗಳಿವೆ. ಪ್ರಶ್ನೆಯಲ್ಲಿ ಬರಬೇಕಾದದ್ದು ಎರಡನೆಯದು, ಏಕೆಂದರೆ ಮೊದಲನೆಯದು ಕರ್ತೃವಿನೊಳಗಿನ ಉಪವಾಕ್ಯಕ್ಕೆ ಸೇರಿದ್ದು. ಭಾಷಾ ಸಂಶೋಧಕರಾದ ಸ್ಟೀಫನ್ ಕ್ರೇನ್ ಮತ್ತು ಮಿನೆಹಾರು ನಕಾಯಾಮಾ ಇಂಥ ವಾಕ್ಯಗಳನ್ನೇ ಮೂರರಿಂದ ಐದು ವರ್ಷದ, ಇಂಗ್ಲಿಷ್ ಮಾತನಾಡುವ ಮಕ್ಕಳಿಂದ ಪ್ರಶ್ನೆಯಾಗಿ ಹೇಳಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳು ತಪ್ಪು ಮಾಡಿದರು, ಆದರೆ ಉಪವಾಕ್ಯದ ‘ಈಸ್’ ಅನ್ನು ಕಿತ್ತು ಮುಂದಕ್ಕೆ ತರುವ ತಪ್ಪನ್ನು ಮಾಡಲಿಲ್ಲ. ಹೆಚ್ಚಾಗಿ ಕಂಡದ್ದು, ‘ಈಸ್’ ಅನ್ನು ಮುಂದೆ ಹೇಳಿ ಹಳೆಯ ಜಾಗದಲ್ಲಿಯೂ ಬಿಡುವ ತಪ್ಪು. ನಿಮ್ಮ ತರಗತಿಯಲ್ಲಿ ಯಾರಾದರೂ ಹೀಗೆ ಬರೆದರೆ ಗಾಬರಿಯಾಗಬೇಡಿ. ಆ ಮಗು ಚಲನೆಯ ಗುರಿಯನ್ನು ತಿಳಿದಿದೆ, ಹೊರಟ ಜಾಗವನ್ನು ಖಾಲಿ ಮಾಡಿಲ್ಲ ಅಷ್ಟೇ.

ನೀವು ಪಟ್ಟಿ ಮಾಡಿದ ತಪ್ಪುಗಳಿಗೆ ಒಂದೇ ಕಾರಣವಿಲ್ಲ. ‘ವೈ ಯು ಆರ್ ಲೇಟ್?’ ಎಂದು ಬರೆಯುವವರು ಎರಡು ಚಲನೆಗಳಲ್ಲಿ ಒಂದನ್ನು ಮಾತ್ರ ಮಾಡಿದ್ದಾರೆ: ಪ್ರಶ್ನಾಪದ ಮುಂದೆ ಬಂದಿದೆ, ಕಾಲ ಬಂದಿಲ್ಲ. ಕನ್ನಡದಲ್ಲಿ ‘ನೀನು ಏಕೆ ತಡವಾಗಿ ಬಂದೆ?’ ಎನ್ನುವಾಗ ಕ್ರಿಯಾಪದ ಕೊನೆಯಲ್ಲಿಯೇ ಇರುವುದರಿಂದ ಎರಡನೆಯ ಚಲನೆಯ ಅಗತ್ಯ ಮನಸ್ಸಿಗೆ ತಟ್ಟುವುದಿಲ್ಲ. ‘ಐ ಆಸ್ಕ್ಡ್ ಹಿಮ್ ವೇರ್ ಈಸ್ ಹಿ ಗೋಯಿಂಗ್’ ಇದಕ್ಕೆ ವಿರುದ್ಧ; ಇಲ್ಲಿ ಬೇಡದ ಕಡೆ ಚಲನೆ ನಡೆದಿದೆ. ಶಿಷ್ಟ ಇಂಗ್ಲಿಷಿನಲ್ಲಿ ಅಧೀನ ಉಪವಾಕ್ಯದೊಳಗೆ ಕಾಲ ಕರ್ತೃವನ್ನು ದಾಟುವುದಿಲ್ಲ, ‘ವೇರ್ ಹಿ ವಾಸ್ ಗೋಯಿಂಗ್’ ಎಂದೇ ಇರಬೇಕು. ನಮ್ಮ ‘ಎಂದು’ ಎಂಬ ಪದ ಇಂಥ ನಿರ್ಬಂಧವನ್ನು ಹೇರುವುದಿಲ್ಲ. ‘ಎಲ್ಲಿಗೆ ಹೋಗುತ್ತಿದ್ದೀಯ ಎಂದು ಕೇಳಿದೆ’ ಎಂದರೆ ಮೂಲ ಪ್ರಶ್ನೆ ಒಂದಕ್ಷರವೂ ಬದಲಾಗದೆ ಒಳಗೆ ಕುಳಿತುಕೊಳ್ಳುತ್ತದೆ. ಮಕ್ಕಳು ಅದನ್ನೇ ಇಂಗ್ಲಿಷಿಗೂ ಒಯ್ಯುತ್ತಾರೆ. ಭಾರತೀಯ ಇಂಗ್ಲಿಷಿನ ವಿವರಣೆಗಳಲ್ಲಿ ಈ ಎರಡು ರೂಪಗಳೂ ದಾಖಲಾಗಿವೆ. ಐರ್ಲೆಂಡಿನ ಇಂಗ್ಲಿಷಿನಲ್ಲಿಯೂ ಉಪವಾಕ್ಯದೊಳಗೆ ಇಂಥ ಚಲನೆ ನಡೆಯುತ್ತದೆ. ಪರೀಕ್ಷೆಗೆ ಶಿಷ್ಟ ರೂಪವನ್ನೇ ಕಲಿಸಬೇಕು, ಆದರೆ ತಪ್ಪನ್ನು ಅಜಾಗರೂಕತೆ ಎಂದು ಬೈಯುವುದು ಅನ್ಯಾಯ.

ಪಾಠಕ್ಕೆ ಒಂದು ಸಲಹೆ. ಅಡಿಗೆರೆ ಎಳೆದ ಪದ ಉತ್ತರವಾಗುವಂತೆ ಪ್ರಶ್ನೆ ರಚಿಸುವ ಅಭ್ಯಾಸವನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾಡಿಸುತ್ತೀರಲ್ಲವೇ? ‘ಸುಮಾ ಬಾಟ್ ದ ಬುಕ್ಸ್ ಆನ್ ಅವೆನ್ಯೂ ರೋಡ್’ ಎಂಬ ವಾಕ್ಯವಿದೆ, ‘ಆನ್ ಅವೆನ್ಯೂ ರೋಡ್’ ಎಂಬುದರ ಅಡಿಗೆರೆ ಇದೆ ಎನ್ನಿ. ಪ್ರಶ್ನೆಯನ್ನು ಬರೆಯುವ ಮೊದಲು ‘ಬಾಟ್’ ಎಂಬುದನ್ನು ಒಡೆಯಲು ಹೇಳಿ: ಸುಮಾ, ಭೂತಕಾಲ, ಬೈ, ದ ಬುಕ್ಸ್. ‘ಭೂತಕಾಲ’ ಎಂಬುದನ್ನು ಚೌಕದಲ್ಲಿ ಬರೆಯಲಿ. ಆ ಚೌಕವನ್ನು ‘ಸುಮಾ’ ಪದಕ್ಕಿಂತ ಮುಂದಕ್ಕೆ ಒಯ್ಯಲಿ. ಚೌಕದಲ್ಲಿ ಹೊರುವ ಪದವೇನೂ ಇಲ್ಲದ್ದರಿಂದ ಅಲ್ಲಿ ‘ಡಿಡ್’ ತುಂಬಲಿ, ಅದರ ಮುಂದೆ ‘ವೇರ್’ ಇಡಲಿ. ‘ವೇರ್ ಡಿಡ್ ಸುಮಾ ಬೈ ದ ಬುಕ್ಸ್?’ ಎಂಬುದು ತಾನಾಗಿ ಬರುತ್ತದೆ, ‘ಡಿಡ್ ಸುಮಾ ಬಾಟ್’ ಎಂದು ಬರೆಯಲು ಅವಕಾಶವೇ ಇರುವುದಿಲ್ಲ. ಅದೇ ಚೌಕದಲ್ಲಿ ‘ಹ್ಯಾಸ್’ ಅಥವಾ ‘ವಿಲ್’ ಇದ್ದರೆ ಅದನ್ನೇ ಒಯ್ದರಾಯಿತು. ವಾಕ್ಯದ ಕೊನೆಗೆ ಸೇರಿಸುವ ‘ಈಸ್ನ್ಟ್ ಇಟ್’, ‘ಡಸ್ನ್ಟ್ ಶಿ’ ಎಂಬ ಪುಟ್ಟ ಪ್ರಶ್ನೆಗಳಿಗೂ ಇದೇ ಚೌಕ ಸಾಕು.

ಕೊನೆಯದಾಗಿ ‘ಹ್ಯಾವ್ ಯು ಎ ಪೆನ್?’ ಎಂಬ ವಾಕ್ಯ. ಅದು ತಪ್ಪಲ್ಲ, ಹಳೆಯ ಬ್ರಿಟಿಷ್ ಬಳಕೆ. ತನ್ನ ಬಳಿ ಇರುವುದನ್ನು ಸೂಚಿಸುವ ‘ಹ್ಯಾವ್’ ಮುಖ್ಯ ಕ್ರಿಯಾಪದವಾಗಿದ್ದರೂ ಸಹಾಯಕ ಪದದಂತೆ ಏರುವ ಶಕ್ತಿಯನ್ನು ಬಹುಕಾಲ ಉಳಿಸಿಕೊಂಡಿತ್ತು; ಇಂದು ‘ಡೂ ಯು ಹ್ಯಾವ್ ಎ ಪೆನ್?’ ಎಂಬುದೇ ಹೆಚ್ಚು ಬಳಕೆಯಲ್ಲಿದೆ, ಮಕ್ಕಳಿಗೆ ಅದನ್ನೇ ಕಲಿಸಿ. ‘ಹ್ಯಾವ್’ ಪದಕ್ಕೆ ತಿನ್ನುವ ಅರ್ಥವೋ, ಮಾಡಲೇಬೇಕು ಎಂಬ ಅರ್ಥವೋ ಇದ್ದಾಗಲಂತೂ ಇಂದಿನ ಬಳಕೆಯಲ್ಲಿ ಅದು ಏರದು ಎಂದು ಹೇಳಿಕೊಡಿ: ‘ಡಿಡ್ ಯು ಹ್ಯಾವ್ ಬ್ರೇಕ್‌ಫಾಸ್ಟ್?’, ‘ಡೂ ಯು ಹ್ಯಾವ್ ಟು ಗೋ?’ ‘ನೀಡ್’ ಪದಕ್ಕೂ ಇಂದಿಗೂ ಎರಡು ರೂಪಗಳಿವೆ. ‘ಶಿ ನೀಡ್ ನಾಟ್ ಕಮ್’ ಎಂಬಲ್ಲಿ ಅದು ‘ಮೇ’, ‘ಮಸ್ಟ್’ಗಳಂತೆ ಕಾಲಸ್ಥಾನದಲ್ಲಿದೆ, ‘ಶಿ ಡಸ್ ನಾಟ್ ನೀಡ್ ಟು ಕಮ್’ ಎಂಬಲ್ಲಿ ಮುಖ್ಯ ಕ್ರಿಯಾಪದವಾಗಿದೆ. ಎರಡಕ್ಕೂ ಪೂರ್ಣ ಅಂಕ ಕೊಡಿ, ಎರಡನ್ನೂ ಬೆರೆಸಿದ ‘ಶಿ ನೀಡ್ಸ್ ನಾಟ್ ಟು ಕಮ್’ ಎಂಬುದನ್ನು ಮಾತ್ರ ತಿದ್ದಿ.